ಇಳಿದ ವೇಳೆಯ ಖಾನೆ

ಕಣ್ಣಿಂದ ಕಾಣದ್ದಕ್ಕೆ ಸಹಿ ಹಾಕಬಾರದು. ವಾಯುಸೇನೆಯಲ್ಲಿ ಇಪ್ಪತ್ತಾರು ವರ್ಷ ವಿಮಾನಗಳ ಇಂಜಿನ್ ರಿಪೇರಿ ಮಾಡಿದ ನನಗೆ ಮೊದಲ ದಿನವೇ ಕಲಿಸಿದ ಪಾಠ ಇದು. ಬೋಲ್ಟು ಬಿಗಿಯಾಗಿದೆ ಎಂದು ಪಕ್ಕದವನು ಹೇಳಿದರೆ ಸಾಲದು. ನಾನೇ ಪಾನಾ ಹಾಕಿ ತಿರುಗಿಸಿ ನೋಡಬೇಕು. ಆಮೇಲೆ ಸಹಿ.

ಆದ್ದರಿಂದ ಇಲ್ಲಿ ಬರೆಯುವಾಗಲೂ ಕಂಡದ್ದನ್ನು ಕಂಡೆ ಎಂದೂ, ಬರೇ ಕೇಳಿದ್ದನ್ನು ಕೇಳಿದೆ ಎಂದೂ ಬೇರೆ ಬೇರೆ ಹೇಳುತ್ತೇನೆ. ಒಂದು ಮಾತನ್ನೂ ಸೇರಿಸಿಲ್ಲ. ವೇಳೆ, ತಿಥಿ ಎಲ್ಲ ನನ್ನ ದಿನಚರಿಯಲ್ಲಿದೆ. ನನಗೀಗ ಎಪ್ಪತ್ತೈದು ವರ್ಷ. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೆ ಆಗಬೇಕಾದದ್ದೇನೂ ಇಲ್ಲ.

ನಾನಿರುವುದು ನಿಪ್ಪಾಣಿಯಲ್ಲಿ. ನಾಲ್ಕೂವರೆಗೆ ಏಳುತ್ತೇನೆ. ಐದಕ್ಕೆ ಚಹಾ, ಆರಕ್ಕೆ ನಡಿಗೆ, ರಾತ್ರಿ ಒಂಬತ್ತೂವರೆಗೆ ದೀಪ ಬಂದ್. ಹೆಂಡತಿ ಇದ್ದಾಗ, "ಗಡಿಯಾರಾನ ನಿಮ್ಮನ್ನ ನೋಡಿ ವ್ಯಾಳ್ಯಾ ತಿದ್ಕೋತೈತಿ" ಎಂದು ನಗುತ್ತಿದ್ದಳು. ಪ್ರತಿ ಸೋಮವಾರ ಹತ್ತರಿಂದ ಹನ್ನೆರಡರವರೆಗೆ ನಿವೃತ್ತ ಸೈನಿಕರ ಮನೆಯವರಿಗೆ ಅರ್ಜಿ, ಕಾಗದಪತ್ರ ಬರೆದುಕೊಡುತ್ತೇನೆ.

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲಿನ ಒಂದು ಸೋಮವಾರ, ಸದಲಗಾ ಕಡೆಯ ರೈತನೊಬ್ಬ ಬಂದ. ಬಾಳು ಅಂತ ಹೆಸರು. ಐವತ್ತೈದರ ಆಸುಪಾಸು. ದೂಧಗಂಗಾ ದಂಡೆಗೆ ಕಬ್ಬಿನ ಹೊಲ, ಮನೆಯಲ್ಲಿ ನಾಲ್ಕು ಎಮ್ಮೆ. ಹಾಲಿನ ವಾಸನೆಯ ಪ್ಲಾಸ್ಟಿಕ್ ಚೀಲದಿಂದ ಒಂದು ಹಳೆಯ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ.

"ಕಾಕಾ, ನಮ್ಮವ್ವ ಕಳಿಸ್ಯಾಳ್ರಿ. ಅಕೀ ಅಪ್ಪ, ಅಂದ್ರ ನಮ್ಮ ತಾಯಿಕಡೆ ಅಜ್ಜ, ದೊಡ್ಡ ಲಡಾಯಿದಾಗ ಇಟಲಿಗೆ ಹೋಗಿದ್ದ. ಅಲ್ಲಿಂದ ತಂದದ್ದು. ಇದರಾಗ ಏನ ಬರದೈತಿ ಓದಿ ಹೇಳಬೇಕಂತ."

"ನನಗ ಇಟಲಿ ಭಾಷಾ ಎಲ್ಲಿಂದ ಬರಬೇಕೋ?"

"ಇಮಾನದ ಪುಸ್ತಕ ಐತಿ, ಇಮಾನದಾಂವಗ ಕೊಡು ಅಂದ್ಲ್ರಿ. ನಾ ಬರೇ ಪೋಸ್ಟಮನ್."

ಬಟ್ಟೆಯ ನೀಲಿ ರಟ್ಟು. ಒಂದು ಮೂಲೆ ಸುಟ್ಟಿತ್ತು. ತೆರೆದ ಕೂಡಲೇ ನನಗೆ ಗೊತ್ತಾಯಿತು. ದಿನಾಂಕ, ವಿಮಾನದ ಸಂಖ್ಯೆ, ಹೊರಟ ವೇಳೆ, ಇಳಿದ ವೇಳೆ, ಷರಾ. ಯುದ್ಧವಿಮಾನದ ಪೈಲಟ್ ಒಬ್ಬನ ಹಾರಾಟದ ಪುಸ್ತಕ ಅದು. ಯಾವ ದೇಶವಾದರೂ ಈ ಖಾನೆಗಳು ಬದಲಾಗುವುದಿಲ್ಲ.

ಆ ತಿಂಗಳು ದಿನಾ ಬೆಳಗ್ಗೆ ಐದರಿಂದ ಆರರವರೆಗೆ ಒಂದೊಂದೇ ಪುಟದ ಮೇಲೆ ಮೊಬೈಲ್ ಹಿಡಿದು ಅನುವಾದ ಮಾಡಿಸಿದೆ. ಯಂತ್ರದ ಕನ್ನಡ ಕುಡಿದವನ ಮಾತಿನ ಹಾಗಿತ್ತು. ವಿಮಾನದ ಕೆಲಸ ಬಲ್ಲವನಾದ್ದರಿಂದ ತಿದ್ದಿ ತಿದ್ದಿ ಬರೆದುಕೊಂಡೆ.

ಹುಡುಗನ ಹೆಸರು ರೆಂಜೊ. ಬೆಟ್ಟದ ಬುಡದ ಸಣ್ಣ ಊರು. ತಂದೆಯ ಹೆಸರಿನ ಜಾಗದಲ್ಲಿ ಬರೇ ಒಂದು ಗೆರೆ. ತಾಯಿ ಊರವರ ಬಟ್ಟೆ ಒಗೆಯುವವಳು. ಇವನು ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದ. ಒಂದು ದಿನ ದಾರಿ ತಪ್ಪಿದ ವಿಮಾನವೊಂದು ಕುರಿಗಳ ಹುಲ್ಲುಗಾವಲಿನಲ್ಲಿ ಇಳಿಯಿತಂತೆ. ಪೈಲಟ್ ನೀರು ಕೇಳಿದ, ಇವನು ತಂದುಕೊಟ್ಟ. "ಅಂದೇ ತೀರ್ಮಾನಿಸಿದೆ" ಎಂದು ರಟ್ಟಿನ ಒಳಬದಿಗೆ ಬರೆದಿದ್ದ.

ಒಬ್ಬನೇ ಹಾರಿದ ಮೊದಲ ದಿನದ ಷರಾ: "ಹನ್ನೊಂದು ನಿಮಿಷ. ಕುರಿಗಳು ಚೆಲ್ಲಿದ ಅಕ್ಕಿಕಾಳಿನ ಹಾಗೆ ಕಂಡವು."

ಅದರ ಮುಂದೆ ಒಂದು ಕಡೆ: "ನಮ್ಮ ಮನೆಯ ಮೇಲೆ ತಗ್ಗಿನಲ್ಲಿ ಹಾರಿದೆ. ಅಮ್ಮ ಮಾಳಿಗೆ ಮೇಲೆ ನಿಂತು ಬಿಳಿ ಚಾದರ ಬೀಸಿದಳು. ಮೂರು ದಿನ ಶಿಕ್ಷೆಯಾಯಿತು."

ಆಮೇಲೆ ಮರಳುಗಾಡಿನ ಯುದ್ಧ. ಗೆಳೆಯರ ಹೆಸರುಗಳ ಮುಂದೆ ಸಣ್ಣ ಸಣ್ಣ ಶಿಲುಬೆಗಳು. ಮೊದಲ ಬಾರಿ ಶತ್ರುವಿಮಾನ ಕೆಡವಿದ ದಿನ ಹೀಗೆ ಬರೆದಿದ್ದ: "ಬೀಳುವ ಮುಂಚೆ ಅವನು ನನ್ನ ಕಡೆ ಕೈಯೆತ್ತಿದ. ಯಾಕೆ ಎಂದು ತಿಳಿಯಲಿಲ್ಲ." ಅಲ್ಲಿಂದ ಮುಂದೆ ಎರಡು ಪುಟದಷ್ಟು ಷರಾ ಖಾಲಿ. ಬರೇ ವೇಳೆಗಳು. ಹೊರಟದ್ದು, ಇಳಿದದ್ದು. ಹೊರಟದ್ದು, ಇಳಿದದ್ದು.

ಕೊನೆಗೆ ಅವನ ದೇಶವೇ ಪಕ್ಷ ಬದಲಿಸಿತು. ನಿನ್ನೆಯ ಶತ್ರುಗಳ ಜೊತೆ, ಅಂದರೆ ನಮ್ಮವರ ಜೊತೆ ಸೇರಿ ಹಾರತೊಡಗಿದ. ಆದರೆ ಅವನ ಊರು ಜರ್ಮನರ ಕೈಯಲ್ಲಿ ಉಳಿಯಿತು. ತಾಯಿ ಆ ಕಡೆ, ಮಗ ಈ ಕಡೆ.

ಕೊನೆಯ ಸಾಲು. ಹೊರಟ ವೇಳೆ ಇದೆ. ಷರಾದಲ್ಲಿ, ಹೊರಡುವ ಮುಂಚೆಯೇ ಬರೆದದ್ದು: "ಇವತ್ತಿನ ದಾರಿಯಿಂದ ಅಮ್ಮನ ಮನೆ ಬರೇ ಹನ್ನೆರಡು ನಿಮಿಷ."

ಇಳಿದ ವೇಳೆಯ ಖಾನೆ ಖಾಲಿ.

ಓದಿ ಮುಗಿಯಿತೆಂದು ಬಾಳುವಿಗೆ ಫೋನ್ ಮಾಡಿದೆ. ಬಂದು ಒಯ್ಯಿ ಅಂದೆ.

"ಇಲ್ರಿ ಕಾಕಾ. ಎಳ್ಳಮಾಸಿ ದಿನ ನೀವ ಬರಬೇಕಂತ. ಬ್ಯಾರೆ ದಿನ ನಡಿಯಂಗಿಲ್ಲಂತ. ಅವ್ವನ ಹುಕುಂ."

ಎಳ್ಳ ಅಮಾವಾಸ್ಯೆಯ ದಿನ ಸಂಜೆ ಸರಿಯಾಗಿ ನಾಲ್ಕಕ್ಕೆ ಅವರ ಹೊಲದ ಮನೆ ಮುಟ್ಟಿದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಅವುಗಳ ಹಾಡಿನ ಗದ್ದಲ. ದೂರದ ಗಾಣದಿಂದ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಬೆಳಗ್ಗೆ ಹೊಲಕ್ಕೆ ಚರಗದ ಎಡೆ ಚೆಲ್ಲಿ ಬಂದಿದ್ದರು. ಅಂಗಳದಲ್ಲಿ ಇನ್ನೂ ಸಜ್ಜಿ ಕಡಬಿನ ಬುಟ್ಟಿಗಳಿದ್ದವು.

ಬಾಳುವಿನ ತಾಯಿ ಹೌಸಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಎಂಬತ್ತನಾಲ್ಕು ವರ್ಷ. ಕಣ್ಣಿನ ಆಪರೇಷನ್ ಆದ ಕಪ್ಪು ಚಾಳೀಸು. ಹಿಡಿಯಷ್ಟೇ ಇದ್ದ ಹೆಂಗಸು. ದನಿ ಮಾತ್ರ ಗಟ್ಟಿ.

"ನಾಕಕ್ಕ ಬರ್ತೀನಂದ್ರ ನಾಕಕ್ಕ ಬಂದಿ ನೋಡ ತಮ್ಮಾ! ನನ್ನ ಮಗ ನಾಕಕ್ಕ ಅಂದ್ರ ಆರಕ್ಕ ಬರ್ತಾನ. ಅದೂ ಉಣ್ಣೂದಿದ್ರ."

"ಎಮ್ಮಿ ಹಿಂಡಾಂವ ಯಾರಬೇ ಹಂಗಾರ?" ಎಂದ ಬಾಳು ಒಳಗಿನಿಂದ.

ನಾನು ಓದಿದೆ. ಒಂದು ತಾಸು ಹಿಡಿಯಿತು. ಚಾದರದ ಮಾತು ಬಂದಾಗ ಅವಳು, "ಇನ್ನೊಮ್ಮಿ ಓದು" ಅಂದಳು. ಇನ್ನೊಮ್ಮೆ ಓದಿದೆ. ಕೊನೆಯ ಸಾಲು ಓದಿ, ಖಾಲಿ ಖಾನೆಯ ಮೇಲೆ ಅವಳ ಬೆರಳಿಟ್ಟು ತೋರಿಸಿದೆ.

ಬಹಳ ಹೊತ್ತು ಅವಳು ಬೆರಳು ತೆಗೆಯಲಿಲ್ಲ.

"ಅವ್ವನ್ನ ನೋಡಾಕ ಹೋಗಿದ್ದೇನ... ಅದಕ್ಕ ಎಣ್ಣಿ ಮುಗದಿತ್ತು."

"ಎಣ್ಣಿ ಮುಗದದ್ದು ನಿನಗ ಹೆಂಗ ಗೊತ್ತ ಅಕ್ಕಾ? ಆಮ್ಯಾಲ ಏನಾತು?"

ಆಗ ಹೇಳಿದಳು. ಅವಳ ತಂದೆ ಭರಮಪ್ಪ ಸಿಪಾಯಿ. ಮನೆಯಲ್ಲಿ ಅವಳೊಬ್ಬಳಿಗೇ ಈ ಮಾತು ಹೇಳಿ ಸತ್ತಿದ್ದ.

"ನಮ್ಮಪ್ಪನ ಡ್ಯೂಟಿ ದೀಪಾ ಹಚ್ಚೂದು. ಹೊಲದಾಗ ಇಮಾನ ಇಳಿಯೂ ಜಾಗಾ ಮಾಡಿದ್ರಂತ. ಎರಡ ಸಾಲ ಕಂದೀಲ ಇಟಗೊಂಡ ಕುಂದ್ರೂದು. ಮ್ಯಾಲ ಹಸರ ಬೆಳಕ ಕಂಡ್ರ ಹಚ್ಚಬೇಕು, ಕಾಣಲಿಲ್ಲಂದ್ರ ಹಚ್ಚಬಾರದು. ಹಂಗ ಹುಕುಂ. ಅವತ್ತ ಎಳ್ಳಮಾಸಿ. ಊರಾಗ ಎಲ್ಲಾರೂ ಹೋಳಿಗಿ ಉಣ್ಣಾಕತ್ತಿರಬೇಕು ಅಂತ ನೆನಸ್ಕೋತ ಕುಂತಿದ್ನಂತ. ಮ್ವಾಡ ಕವಿದಿತ್ತು. ಸಪ್ಪಳ ಬಂತು... ಒಂದ ಸುತ್ತ ಹಾಕ್ತು. ಎರಡ ಸುತ್ತ. ಮೂರ ಸುತ್ತ. ಹಸರ ಬೆಳಕ ಕಾಣಲಿಲ್ಲ. ಕಡ್ಡಿಪೆಟ್ಟಿಗಿ ಕೈಯಾಗ ಇತ್ತು ತಮ್ಮಾ. ಹಚ್ಚಲಿಲ್ಲ."

ಬಾಳು ಬಾಗಿಲಲ್ಲಿ ಬಂದು ನಿಂತಿದ್ದ. ಅವನೂ ಇದನ್ನು ಮೊದಲ ಸಲ ಕೇಳುತ್ತಿದ್ದ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ನಾಕನೇ ಸುತ್ತಿಗೆ ಸಪ್ಪಳ ನಿಂತತು. ಆಮ್ಯಾಲ ಬೆಂಕಿ. ಓಡಿ ಹೋಗಿ ಹೊರಗ ಎಳದ. ನಮ್ಮಪ್ಪನ ತೊಡಿ ಮ್ಯಾಲ ತಲಿ. ಮಮ್ಮಾ, ಮಮ್ಮಾ ಅಂದ್ನಂತ. ಅಷ್ಟ ತಿಳೀತು ನಮ್ಮಪ್ಪಗ. ಅಂಗಿಯೊಳಗಿಂದ ಈ ಪುಸ್ತಕ ತಗದು ಕೈಯಾಗ ಇಟ್ಟ... ಮುಗೀತು."

ಊರಿಗೆ ಬಂದ ವರ್ಷದಿಂದ ಭರಮಪ್ಪ ಪ್ರತಿ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಇಪ್ಪತ್ತನಾಲ್ಕು ಪಣತಿ ಹಚ್ಚುತ್ತಿದ್ದ. ಎರಡು ಸಾಲು. ಊರವರು ಇದನ್ನು ಅವನ ಮನೆಯ ಹಿರಿಯರ ಹರಕೆ ಎಂದುಕೊಂಡಿದ್ದರು. ಅವನು ಸತ್ತು ಐವತ್ತು ವರ್ಷ. ಹೊಲ ಬಂದದ್ದು ಈ ಮಗಳಿಗೆ, ಅಲ್ಲಿಂದ ಅವಳೇ ಹಚ್ಚುತ್ತ ಬಂದಿದ್ದಳು.

"ಹಚ್ಚಿದ ದೀಪಾ ನಾವು ಶಾಂತ ಮಾಡಂಗಿಲ್ಲ. ತಾವ ಆರಬೇಕು. ಇಳದ ಮ್ಯಾಲ ಅಷ್ಟ ಶಾಂತ ಮಾಡೂದು ಅಂತ ನಮ್ಮಪ್ಪ ಹೇಳ್ಯಾನ. ಇಲ್ಲಿತನಕಾ ಒಮ್ಮಿನೂ ಮಾಡಿಲ್ಲ."

"ಅಂದ್ರ... ಬರ್ತೈತೇನು?"

"ಪ್ರತಿ ವರ್ಷ ಬರ್ತೈತಿ. ಮೂರ ಸುತ್ತ ಹಾಕಿ ಹೋಗ್ತೈತಿ. ಇಳಿಯಂಗಿಲ್ಲ."

"ಕೊಲ್ಲಾಪುರಕ್ಕ ಹೋಗೂ ಇಮಾನ ಕಾಕಾ," ಎಂದ ಬಾಳು, ಮೆಲ್ಲಗೆ. "ಇಲ್ಲಾ ಕಾರ್ಖಾನಿ ಸಪ್ಪಳ. ನಾನೂ ಕೇಳೇನಿ."

ಹೌಸಕ್ಕ ಅವನ ಕಡೆ ತಿರುಗಲಿಲ್ಲ. ನನ್ನ ಕೈ ಹಿಡಿದಳು.

"ತಮ್ಮಾ, ನನಗ ಇನ್ನೊಂದ ಎಳ್ಳಮಾಸಿ ಸಿಗೂದು ಖಾತ್ರಿ ಇಲ್ಲ. ಇವತ್ತ ನೀ ಕೇಳು. ಇಮಾನ ಹೌದೋ ಅಲ್ಲೋ ನೀ ಹೇಳು. ಇಳೀತು ಅಂದ್ರ... ಆ ಖಾಲಿ ಖಾನೆದಾಗ ನಿನ್ನ ಕೈಲೆ ಬರಿ. ನಮ್ಮಪ್ಪ ಒಂದ ರಾತ್ರಿನೂ ಪೂರಾ ಮಲಗಲಿಲ್ಲೋ. ಸತ್ತ ಮ್ಯಾಲಾದ್ರೂ ಮಲಗಲಿ."

ಹಾಗಾದರೆ ಜಾಗ ನೋಡೋಣ ಎಂದು ಎದ್ದೆ.

ದನದ ಕೊಟ್ಟಿಗೆಯ ಹಿಂದೆ ಹಳೆಯ ಕಣ. ಪಣತಿಗಳನ್ನು ಆಗಲೇ ಎರಡು ಸಾಲಾಗಿ ಇಟ್ಟಿದ್ದರು. ಸಾಲು ಬಾಣದಷ್ಟು ನೇರ. ಭರಮಪ್ಪ ಇಟ್ಟ ಜಾಗದಲ್ಲೇ, ಅವನು ನೆಟ್ಟ ಕಲ್ಲುಗಳ ಗುರುತಿಗೇ ಇಡುತ್ತಾರೆ. ಒಂದು ಗೇಣೂ ಆಚೀಚೆ ಸರಿಸುವುದಿಲ್ಲ. ನಾನು ಪಡುವಣ ತುದಿಗೆ ಹೋಗಿ ನಿಂತೆ. ಚಳಿಗಾಲದ ಮೂಡಗಾಳಿ ಮುಖಕ್ಕೆ ಹೊಡೆಯಿತು. ವಿಮಾನ ಯಾವಾಗಲೂ ಎದುರುಗಾಳಿಗೆ ಇಳಿಯುತ್ತದೆ. ಅಂದರೆ ನಾನು ನಿಂತ ಕಡೆಯಿಂದ ಬರಬೇಕು.

ಮೇಲೆ ನೋಡಿದೆ. ನನ್ನ ತಲೆಯ ಮೇಲೆ, ಸಾಲಿಗೆ ಅಡ್ಡವಾಗಿ, ಮೂರು ಕರೆಂಟಿನ ತಂತಿ.

"ಈ ಲೈನ್ ಯಾವಾಗ ಬಂತೋ ಬಾಳೂ?"

"ಪಂಪಸೆಟ್ಟಿಂದು ಕಾಕಾ. ನಾ ಸಾಲಿ ಕಲಿಯೂ ಮುಂದ ಹಾಕಿದ್ದು. ನಲವತ್ತ ವರ್ಷ ಮ್ಯಾಲಾತು."

ಬಾಯಿ ತಪ್ಪಿ ಅಂದುಬಿಟ್ಟೆ: "ಇಲ್ಲಿ ಯಾವನೂ ಇಳಿಯಾಕ ಸಾಧ್ಯ ಇಲ್ಲ. ತಂತಿಗೆ ಸಿಕ್ಕು ಸಾಯ್ತಾನ."

ಹೌಸಕ್ಕ ಹಿಂದೆಯೇ ಬಂದಿದ್ದು ನಾನು ನೋಡಿರಲಿಲ್ಲ. ಅವಳ ಕೈ ಬಾಯಿಗೆ ಹೋಯಿತು.

"ಅಪ್ಪ ಇಟ್ಟ ಜಾಗಾ ಅಂತ... ನಲವತ್ತ ವರ್ಷ ಅವನ್ನ ತಂತಿ ಕಡೆ ಕರದ್ನೇನೋ ನಾ?"

ನಾನು ಸುತ್ತಲೂ ನೋಡಿದೆ. ಕೆಲಸ ಹೊಳೆಯಿತು. ಆಚೆ ಸೋಯಾ ತೆಗೆದ ಹೊಲ ಖಾಲಿ ಬಿದ್ದಿತ್ತು. ಸಪಾಟು. ಅದರ ಪಡುವಣಕ್ಕೆ ಕಬ್ಬು ಬಿಟ್ಟರೆ ಮರವಿಲ್ಲ, ತಂತಿಯಿಲ್ಲ. ಬಾಳು ಮತ್ತು ನಾನು ಪಣತಿಗಳನ್ನು ಬುಟ್ಟಿಯಲ್ಲಿ ಹೊತ್ತು ಅಲ್ಲಿಗೆ ಒಯ್ದೆವು. ಹಗ್ಗ ಹಿಡಿದು ಸಾಲು ಹಾಕಿದೆ. ಇಪ್ಪತ್ತು ಹೆಜ್ಜೆಗೆ ಒಂದು ಜೋಡಿ. ಹನ್ನೆರಡು ಜೋಡಿ. ನಿಜವಾದ ವಿಮಾನಕ್ಕೆ ಅಷ್ಟು ಉದ್ದ ಸಾಲದು. ಆ ಮಾತು ನಾನು ಆಡಲಿಲ್ಲ.

ಎಣ್ಣೆ ನಾನೇ ಹಾಕಿದೆ. ಕುಸುಬಿ ಎಣ್ಣೆ. ಇದು ಮುಂದೆ ಮುಖ್ಯವಾಗುತ್ತದೆ, ಅದಕ್ಕೆ ಹೇಳುತ್ತಿದ್ದೇನೆ.

ಏಳು ಗಂಟೆಗೆ ದೀಪ ಹಚ್ಚಿದೆವು. ಮೂಡಣ ತುದಿಯಲ್ಲಿ ಹೌಸಕ್ಕನಿಗೆ ಒಂದು ಕುರ್ಚಿ. ಅವಳ ಕಾಲ ಬಳಿ ನೀರಿನ ತಂಬಿಗೆ. ಚಂದ್ರನಿಲ್ಲದ ಆಕಾಶ, ತುಂಬ ಚುಕ್ಕಿ, ಮೋಡದ ತುಣುಕೂ ಇಲ್ಲ. ದೂರದ ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಾಡು ಒಮ್ಮೆ ಹತ್ತಿರವಾಗಿ ಮತ್ತೆ ದೂರವಾಯಿತು. ಆಮೇಲೆ ಬರೇ ಕಬ್ಬಿನ ಗರಿಗಳ ಸರಸರ.

ಏಳೂವರೆ ದಾಟಿತು.

ಮೊದಲು ಕೇಳಿಸಿದ್ದು ಎಮ್ಮೆಗಳ ಸರಪಳಿ. ಕೊಟ್ಟಿಗೆಯಲ್ಲಿ ನಾಲ್ಕೂ ಒಟ್ಟಿಗೆ ಎದ್ದು ನಿಂತವು. ಒಂದೂ ಕೂಗಲಿಲ್ಲ.

ಆಮೇಲೆ... ಪಡುವಣದಿಂದ, ಬಹಳ ದೂರದಿಂದ, ಒಂದು ಗುಂಯ್...

"ಕೊಲ್ಲಾಪುರದ್ದ ಕಾಕಾ," ಎಂದು ಬಾಳು ಪಿಸುಗುಟ್ಟಿದ.

ಅಲ್ಲ. ನನ್ನ ಮೈಮೇಲಿನ ಕೂದಲು ನಿಂತದ್ದು ಹೆದರಿಕೆಯಿಂದಲ್ಲ, ಗುರುತಿನಿಂದ. ನೌಕರಿಯ ಮೊದಲ ಐದು ವರ್ಷ ನಾನು ಹಳೆಯ ಪಿಸ್ಟನ್ ಇಂಜಿನ್ನುಗಳ ಮೇಲೆ ಕೆಲಸ ಮಾಡಿದವನು. ಇಂದಿನ ವಿಮಾನಗಳು ಕಿರುಚುತ್ತವೆ. ಇದು ಗುಡುಗುತ್ತಿತ್ತು. ಒಂದು ಸಿಲಿಂಡರು ಸರಿಯಾಗಿ ಉರಿಯುತ್ತಿರಲಿಲ್ಲ. ಅದೂ ಕಿವಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಇಂಧನ ತಳ ಮುಟ್ಟಿದಾಗ ಹಾಗಾಗುತ್ತದೆ.

ಸದ್ದು ನಮ್ಮ ತಲೆಯ ಮೇಲೆ ಬಂತು. ಆಕಾಶದಲ್ಲಿ ಏನೂ ಇರಲಿಲ್ಲ. ಯಾವ ಚುಕ್ಕಿಯೂ ಮರೆಯಾಗಲಿಲ್ಲ.

ಹೌಸಕ್ಕ ಒಂದು ಬೆರಳು ಮಡಿಸಿದಳು.

ಎರಡನೇ ಸುತ್ತು. ಎರಡನೇ ಬೆರಳು. ಮೂರನೆಯದು ಮುಗಿದಾಗ ಅವಳು ನನ್ನ ಕಡೆ ತಿರುಗಿದಳು. "ಇಷ್ಟಕ್ಕ ಹೋಗ್ತಾನ ತಮ್ಮಾ. ಪ್ರತಿ ವರ್ಷ ಇಷ್ಟಕ್ಕ..."

ಸದ್ದು ಪಡುವಣಕ್ಕೆ ಸರಿಯಿತು. ಕ್ಷೀಣವಾಯಿತು. ಹೋಯಿತು ಅಂದುಕೊಂಡೆ.

ತಿರುಗಿತು.

ಇಂಜಿನ್ನಿನ ವೇಗ ಇಳಿಸಿದ ಸದ್ದು ನನಗೆ ಗೊತ್ತು. ಪಟ್... ಪಟ್... ಎಂದು ನಿಧಾನವಾಗಿ ಸಿಡಿಯುತ್ತದೆ. ಆ ಸದ್ದು ಕಬ್ಬಿನ ತಲೆಯ ಮೇಲಿಂದ ತಗ್ಗಿ ಬಂತು. ಕಬ್ಬು ಒಂದು ಗೆರೆ ಎಳೆದಂತೆ ಸರ್ರನೆ ಬಾಗಿದ್ದು ಕೇಳಿಸಿತು.

ಇನ್ನು ಹೇಳುವುದು ನಾನು ಕಂಡದ್ದು.

ಪಡುವಣ ತುದಿಯ ಮೊದಲ ಜೋಡಿ ದೀಪಗಳ ಕುಡಿ ನೆಲಕ್ಕೆ ಒರಗಿತು. ಮೂಡಗಾಳಿಗೆ ಎದುರಾಗಿ, ನಮ್ಮ ಕಡೆಗೆ. ಅದು ಎದ್ದು ನಿಲ್ಲುವಷ್ಟರಲ್ಲಿ ಎರಡನೇ ಜೋಡಿ ಒರಗಿತು. ಆಮೇಲೆ ಮೂರನೆಯದು. ಹೀಗೆ ಒಂದೊಂದೇ ಜೋಡಿ, ಮೊದಲು ಬೇಗ ಬೇಗ, ಆಮೇಲೆ ನಿಧಾನ, ಇನ್ನೂ ನಿಧಾನ... ಹನ್ನೊಂದನೇ ಜೋಡಿ ಬಾಗಿ ಎದ್ದಿತು. ನಮ್ಮ ಮುಂದಿನ ಹನ್ನೆರಡನೆಯದು ಬಾಗಲಿಲ್ಲ. ಒಂದು ದೀಪವೂ ಆರಲಿಲ್ಲ.

ಸದ್ದು ನಿಂತಿತು.

ಗಡಿಯಾರ ನೋಡಿದೆ. ಅದು ರೂಢಿ. ಏಳು ಗಂಟೆ ನಲವತ್ತೆರಡು ನಿಮಿಷ.

ಆಗ ವಾಸನೆ ಬಂತು. ಸುಟ್ಟ ಔಡಲೆಣ್ಣೆ. ಪಣತಿಯಲ್ಲಿದ್ದದ್ದು ಕುಸುಬಿ. ಹಿಂದಿನ ಕಾಲದಲ್ಲಿ ಕೆಲವು ಇಂಜಿನ್ನುಗಳಿಗೆ ಔಡಲೆಣ್ಣೆ ಹಾಕುತ್ತಿದ್ದರು ಎಂದು ತರಬೇತಿಯಲ್ಲಿ ನಮ್ಮ ಹಳೆಯ ಮಾಸ್ತರರು ಹೇಳುತ್ತಿದ್ದರು. ಜೀವಮಾನದಲ್ಲಿ ನಾನು ಆ ವಾಸನೆ ಇಂಜಿನ್ನಿನಿಂದ ಬಂದದ್ದು ಕಂಡವನಲ್ಲ.

ಮತ್ತೆ ಇನ್ನೊಂದು ಸದ್ದು. ಹನ್ನೊಂದು ಮತ್ತು ಹನ್ನೆರಡನೇ ಜೋಡಿಗಳ ನಡುವಿನ ಕತ್ತಲಿಂದ.

ಟಿಕ್... ಟಿಕ್... ಟಿಕ್.

ಕಾದ ಲೋಹ ತಣ್ಣಗಾಗುವ ಸದ್ದು. ಹಾರಾಟ ಮುಗಿಸಿ ಬಂದ ಪ್ರತಿಯೊಂದು ಇಂಜಿನ್ನೂ ಹಾಗೆ ಸದ್ದು ಮಾಡುತ್ತದೆ. ಇಪ್ಪತ್ತಾರು ವರ್ಷ ಅದನ್ನು ಕೇಳಿದ್ದೇನೆ. ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು.

ನನ್ನ ಕೈಯಲ್ಲಿ ಟಾರ್ಚು ಇತ್ತು. ದೊಡ್ಡದು, ಹೊಸ ಸೆಲ್ಲಿನದು. ಹೆಬ್ಬೆರಳು ಬಟನ್ನಿನ ಮೇಲಿತ್ತು.

ಒತ್ತಲಿಲ್ಲ.

ಯಾಕೆ ಎಂದು ಕೇಳಬೇಡಿ. ಹೌಸಕ್ಕ ಎದ್ದಳು. ತಂಬಿಗೆ ಹಿಡಿದು, ಒಬ್ಬಳೇ, ಆ ಕತ್ತಲಿಗೆ ನಡೆದಳು. ತಡೆಯಲು ಬಾಳು ಮುಂದಾದ. ನಾನು ಅವನ ತೋಳು ಹಿಡಿದೆ. ಅವಳು ಬಾಗಿ ತಂಬಿಗೆ ನೆಲಕ್ಕಿಟ್ಟದ್ದು ಮಸುಕಾಗಿ ಕಂಡಿತು.

"ಬಂದ್ಯಾ ಯಪ್ಪಾ," ಅಂದಳು. "ನೀರ ಕುಡಿ. ಭಾಳ ದೂರಿಂದ ಬಂದಿ."

ಟಿಕ್ಕೆನ್ನುವುದು ನಿಂತಿತು. ವಾಸನೆಯೂ ಹೋಯಿತು. ಎಮ್ಮೆಗಳು ಒಂದೊಂದಾಗಿ ಮಲಗಿದ್ದು ಕೇಳಿಸಿತು.

ಅವಳು ತಿರುಗಿ ಬಂದು ಕುರ್ಚಿಯಲ್ಲಿ ಕೂತಳು. ಸೆರಗಿನೊಳಗಿಂದ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದಳು. "ಬರಿ ತಮ್ಮಾ."

ಕಿಸೆಯಲ್ಲಿ ಪೆನ್ನಿತ್ತು. ಆ ಪುಟ ತೆರೆದೆ. ದೀಪದ ಬೆಳಕಿಗೆ ಖಾಲಿ ಖಾನೆ ಕಂಡಿತು. ಕೈ ಹೋಗಲಿಲ್ಲ.

"ಅಕ್ಕಾ... ಸಪ್ಪಳ ಕೇಳ್ಯೇನಿ. ದೀಪ ಬಾಗಿದ್ದು ನೋಡೇನಿ. ಇಮಾನ ನೋಡಿಲ್ಲ. ನೋಡಲಾರದ್ದಕ್ಕ ನಾ ಸಹಿ ಮಾಡಾಂವ ಅಲ್ಲ."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ನಮ್ಮಪ್ಪಾನೂ ನೋಡಿದ್ದಿಲ್ಲ ತಮ್ಮಾ. ಬರೇ ಕೇಳಿದ್ದ."

ನಾನು ಪೆನ್ನನ್ನು ತಿರುಗಿ ಕಿಸೆಗಿಟ್ಟೆ.

"ಇರ್ಲಿ ಬಿಡು," ಎಂದು ಪುಸ್ತಕ ತಿರುಗಿ ತೆಗೆದುಕೊಂಡಳು. "ನೀನೂ ಡ್ಯೂಟಿ ಮಾಡಾಂವ."

ದೀಪಗಳನ್ನು ಅವಳು ಶಾಂತ ಮಾಡಲಿಲ್ಲ. ಎಣ್ಣೆ ತೀರಿ ಅವು ತಾವೇ ಆರುವವರೆಗೆ ಮೂವರೂ ಕೂತೆವು. ಬೆಳಗ್ಗೆ ನೋಡಿದರೆ ತಂಬಿಗೆ ಖಾಲಿ. ನಾಯಿ ಕುಡಿದಿರಬಹುದು. ಹೊಲದಲ್ಲಿ ಗಾಲಿಯ ಗುರುತು ಹುಡುಕಿದೆ. ಇರಲಿಲ್ಲ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಹೌಸಕ್ಕ ತೀರಿಹೋದಳು. ದಿನಕರ್ಮ ಮುಗಿಸಿ, ತಲೆ ಬೋಳಿಸಿಕೊಂಡ ಬಾಳು ಅದೇ ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಚಹಾ ಕುಡಿಯಲಿಲ್ಲ.

"ಕಡೀಕ ಮಾತ ನಿಂತಿತ್ರಿ ಕಾಕಾ. ಅದಕ್ಕೂ ಮದ್ಲ ಹೇಳಿದ್ಲು. ಆ ತಮ್ಮಗ ಕೊಟ್ಟ ಬಾ, ಅಂವ ಕೆಟ್ಟಾಂವ ಅಲ್ಲ, ತಡಾ ಮಾಡಾಂವ ಅಷ್ಟ, ಅಂತ."

ಅವನು ಹೋದ ಮೇಲೆ ಬಾಗಿಲು ಹಾಕಿ ಕೂತೆ. ನನ್ನ ದಿನಚರಿ ತೆಗೆದು ವೇಳೆ ಸರಿನೋಡಿದೆ. ಇಳಿದ ವೇಳೆಯ ಖಾನೆಯಲ್ಲಿ ಅದನ್ನು ಬರೆದೆ. ಪಕ್ಕದಲ್ಲಿ ಸಹಿ ಮಾಡಿದೆ. ಕಣ್ಣಿಂದ ಕಾಣದ್ದಕ್ಕೆ ನಾನು ಮಾಡಿದ ಒಂದೇ ಸಹಿ. ಒಂದು ಚಳಿಗಾಲ ತಡವಾಗಿ.

ಪುಸ್ತಕದಲ್ಲಿರುವ ಆ ಊರಿನ ಕಚೇರಿಗೆ ಎರಡು ಪತ್ರ ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಕಳೆದ ಎಳ್ಳ ಅಮಾವಾಸ್ಯೆಗೆ ಕರೆಯದೇ ಹೋದೆ. ಬಾಳು ಪಣತಿ ತೊಳೆದಿಟ್ಟು ನನ್ನ ದಾರಿ ಕಾಯುತ್ತಿದ್ದ. ಅದೇ ಸೋಯಾ ಹೊಲ, ಅದೇ ಹಗ್ಗ, ಹನ್ನೆರಡು ಜೋಡಿ. ಅಂಚಿನವರೆಗೆ ಎಣ್ಣೆ ಹಾಕಿದೆ, ಮಧ್ಯರಾತ್ರಿವರೆಗೂ ಉರಿಯಲಿ ಎಂದು.

ಏಳು ನಲವತ್ತೆರಡು ಬಂತು. ಸದ್ದಿಲ್ಲ. ಎಂಟಾಯಿತು. ಎಮ್ಮೆಗಳು ಮೆಲುಕು ಹಾಕುತ್ತ ಮಲಗಿದ್ದವು. ಎಂಟೂವರೆ.

"ಬರಂಗಿಲ್ಲ ಬಿಡ್ರಿ ಕಾಕಾ," ಎಂದ ಬಾಳು. ಈ ಸಲ ಅವನ ದನಿಯಲ್ಲಿ ಕೊಲ್ಲಾಪುರ ಇರಲಿಲ್ಲ, ಕಾರ್ಖಾನೆಯೂ ಇರಲಿಲ್ಲ. "ಬರ್ರಿ, ಎರಡ ತುತ್ತ ಉಣ್ರಿ. ನಿಮ್ಮ ಮಲಗೂ ವ್ಯಾಳ್ಯಾ ಆತು."

ಉಂಡೆವು. ಇಪ್ಪತ್ತು ನಿಮಿಷ, ಹೆಚ್ಚಿಲ್ಲ. ಮನೆಯವರೆಲ್ಲ ಪಂಕ್ತಿಯಲ್ಲೇ ಇದ್ದರು. ನಾನು ಒಬ್ಬೊಬ್ಬರನ್ನೂ ಎಣಿಸಿ ಹೇಳಬಲ್ಲೆ. ಹೊಲದಲ್ಲಿ ಯಾರೂ ಇರಲಿಲ್ಲ.

ಕೈ ತೊಳೆದು ಹೊರಗೆ ಬಂದರೆ ಹೊಲ ಕತ್ತಲು.

ಗಾಳಿಯಿರಲಿಲ್ಲ. ಈ ಸಲ ನಾನು ಟಾರ್ಚು ಒತ್ತಿದೆ. ನಮ್ಮ ಕಡೆಯ ಮೊದಲ ಪಣತಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ಎಣ್ಣೆ ಮುಕ್ಕಾಲು ಪಾಲು ಹಾಗೇ ಇತ್ತು. ಬತ್ತಿಯನ್ನು ಯಾರೋ ಬೆರಳಿಂದ ಎಳೆದು ಎಣ್ಣೆಯಲ್ಲಿ ಅದ್ದಿದ್ದರು. ದೀಪವನ್ನು ಬಾಯಿಂದ ಊದದೆ ಶಾಂತ ಮಾಡುವುದು ಹಾಗೆ. ಎರಡನೆಯದೂ ಹಾಗೇ. ಮೂರನೆಯದೂ. ಇಪ್ಪತ್ತನಾಲ್ಕೂ ಒಂದೇ ರೀತಿ, ಒಂದೇ ಅಳತೆ.

ಪಡುವಣ ತುದಿಯ ಕೊನೆಯ ಪಣತಿಯಿಂದ ಇನ್ನೂ ಹೊಗೆಯ ಎಳೆಯೊಂದು ಏಳುತ್ತಿತ್ತು.

ಬಾಳು ಕಬ್ಬಿನ ಕಡೆ ಮುಖ ಮಾಡಿ ನಿಂತಿದ್ದ. ತುಂಬ ಮೆಲ್ಲಗೆ, ಸಣ್ಣ ಹುಡುಗ ಕರೆದ ಹಾಗೆ, "ಯವ್ವಾ?" ಅಂದ.

ಕಬ್ಬು ಸುಮ್ಮನಿತ್ತು.

ನನ್ನ ಸಹಿ ಸರಿಯೋ ತಪ್ಪೋ ನನಗೆ ಇಂದಿಗೂ ಗೊತ್ತಿಲ್ಲ. ಈಗೀಗ ಬೆಳಗಿನ ನಾಲ್ಕೂವರೆಗೂ ಮೊದಲೇ ಎಚ್ಚರವಾಗುತ್ತದೆ. ಅವನು ಇಳಿದನೋ ಇಲ್ಲವೋ ಎಂದು ಗೊತ್ತಿದ್ದವರು ಆ ರಾತ್ರಿ ಹೊಲದಲ್ಲಿದ್ದರು. ಒಂದೊಂದೇ ದೀಪ ಶಾಂತ ಮಾಡುತ್ತ, ಇನ್ನೂರು ಹೆಜ್ಜೆ ನಡೆದರು. ಅವರು ಒಬ್ಬರೇ ಇದ್ದರೋ, ಇಬ್ಬರೋ, ಮೂವರೋ... ನೋಡಬೇಕಾದವನು ನಾನು. ಆಗ ನಾನು ಊಟಕ್ಕೆ ಕೂತಿದ್ದೆ.